ಲಿಂಕರಿನ ಆದೇಶಗಳಲ್ಲಿ ಸಂಕ್ಷೇಪಗಳ ಚರಿತ್ರೆ

ಬೇರೆ ಬೇರೆಯಾಗಿ ರಚಿತವಾದ ಪ್ರೋಗ್ರಾಮಿನ ಭಾಗಗಳನ್ನು ಬೆಸೆದು, ಕಂಪ್ಯೂಟರು ನಡೆಸಬಲ್ಲ ಒಂದೇ ಕಡತವನ್ನಾಗಿ ಮಾಡುವ ಸಾಧನಕ್ಕೆ ಲಿಂಕರ್ ಎಂದು ಹೆಸರು. ಅದಕ್ಕೆ ಕೊಡುವ ಆದೇಶದ ಸಾಲಿನಲ್ಲಿ ಬರುವ ಸೂಚನೆಗಳ ಹೆಸರುಗಳು ಮೊದಲು ಹೇಗೆ ಕಿರಿದಾಗಿದ್ದುವು, ಅನಂತರ ಹೇಗೆ ಹಿರಿದಾದುವು, ಮತ್ತೆ ಕಿರಿದಾಗಲು ಹೊರಟು ಯಾವ ತೊಡಕಿಗೆ ಸಿಕ್ಕಿದುವು ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

1971ರ ನವೆಂಬರಿನಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಸಿದ್ಧವಾದ ಯೂನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯಲ್ಲಿಯೇ ‘ಎಲ್‌ಡಿ’ ಎಂಬ ಲಿಂಕರಿನ ವಿವರಣೆಯಿದೆ. ಅದರ ಸೂಚನೆಗಳೆಲ್ಲ ಒಂದೊಂದೇ ಅಕ್ಷರದವು. ಸೆಕೆಂಡಿಗೆ 10 ಅಕ್ಷರಗಳನ್ನು ಮಾತ್ರ ಮುದ್ರಿಸುತ್ತಿದ್ದ ಮಾಡೆಲ್ 33ರಂತಹ ಟೆಲಿಟೈಪ್ ಯಂತ್ರಗಳ ಕಾಲದಲ್ಲಿ ಈ ಮಿತವ್ಯಯ ಸಹಜವೇ ಆಗಿತ್ತು. 1979ರ ಏಳನೆಯ ಆವೃತ್ತಿಯಲ್ಲಿ ‘ಓ’ ಎಂಬುದು ಫಲಿತ ಕಡತದ ಹೆಸರನ್ನು ಸೂಚಿಸುತ್ತಿತ್ತು. ‘ಎಲ್’ ಎಂಬುದರ ಮುಂದೆ ಬರೆದ ಅಕ್ಷರಗಳು ಒಂದು ಗ್ರಂಥಾಲಯ ಕಡತದ ಪೂರ್ಣ ವಿಳಾಸಕ್ಕೇ ಸಂಕ್ಷೇಪವಾಗಿದ್ದುವು.

1983ರಲ್ಲಿ ಘೋಷಿತವಾದ ಗ್ನೂ ಯೋಜನೆಯ ಲಿಂಕರು ಹಳೆಯ ಅಕ್ಷರಗಳನ್ನು ಉಳಿಸಿಕೊಂಡು, ಅವುಗಳ ಜೊತೆಗೆ ಅರ್ಥವತ್ತಾದ ದೀರ್ಘನಾಮಗಳನ್ನೂ ತಂದಿತು. ‘ಎಸ್’ ಎಂಬುದಕ್ಕೆ ‘ಸ್ಟ್ರಿಪ್-ಆಲ್’ ಎಂಬ ಹೆಸರು ದೊರೆತುದು ಹೀಗೆಯೇ. ದೀರ್ಘನಾಮದ ಹಿಂದೆ ಒಂದು ಅಡ್ಡಗೆರೆಯನ್ನಾಗಲಿ ಎರಡನ್ನಾಗಲಿ ಬರೆಯಬಹುದು. ಆದರೆ ‘ಓ’ಕಾರದಿಂದ ಆರಂಭವಾಗುವ ಹೆಸರುಗಳಿಗೆ ಎರಡು ಗೆರೆಗಳು ಕಡ್ಡಾಯ. ‘ಓಮ್ಯಾಜಿಕ್’ ಎಂಬುದನ್ನು ಒಂದೇ ಗೆರೆಯೊಡನೆ ಬರೆದರೆ, ಫಲಿತ ಕಡತಕ್ಕೆ ‘ಮ್ಯಾಜಿಕ್’ ಎಂದು ಹೆಸರಿಡಬೇಕೆಂದು ಲಿಂಕರು ಅರ್ಥಮಾಡಿಕೊಳ್ಳುತ್ತದೆ. ಹಳೆಯ ಸಂಕ್ಷೇಪವು ಹೊಸ ಹೆಸರಿನ ದಾರಿಗೆ ಅಡ್ಡವಾದುದಕ್ಕೆ ಇದು ಸ್ಪಷ್ಟ ನಿದರ್ಶನ.

ಇನ್ನೊಂದು ಸೌಕರ್ಯವೂ ಇದರೊಡನೆ ಬಂದಿತು. ಬೇರೆ ಯಾವ ಹೆಸರಿನೊಡನೆಯೂ ಬೆರೆಯದಿದ್ದರೆ, ದೀರ್ಘನಾಮದ ಮೊದಲ ಕೆಲವು ಅಕ್ಷರಗಳೇ ಸಾಕು. ಆದರೆ ಇಂದು ಅನನ್ಯವಾದ ಮೊಟಕು ನಾಳೆಯೂ ಅನನ್ಯವಾಗಿಯೇ ಉಳಿಯುವುದೆಂಬ ಭರವಸೆಯಿಲ್ಲ. ಎಲ್ಲ ಸಂಕೇತಗಳನ್ನೂ ಹೊರಗಾಣಿಸುವ ‘ಎಕ್ಸ್‌ಪೋರ್ಟ್-ಡೈನಮಿಕ್’ ಎಂಬ ಸೂಚನೆಯನ್ನು ‘ಎಕ್ಸ್‌ಪೋರ್ಟ್-ಡೈನ್’ ಎಂದು ಮೊಟಕುಗೊಳಿಸಬಹುದಾಗಿತ್ತು. 2020ರ 2.35ನೆಯ ಆವೃತ್ತಿಯಲ್ಲಿ, ಆಯ್ದ ಸಂಕೇತಗಳಿಗಾಗಿ ‘ಎಕ್ಸ್‌ಪೋರ್ಟ್-ಡೈನಮಿಕ್-ಸಿಂಬಲ್’ ಎಂಬ ಸೂಚನೆ ಸೇರಿದೊಡನೆ ಆ ಮೊಟಕು ಸಂದಿಗ್ಧವಾಯಿತು. ಪೂರ್ಣನಾಮವನ್ನು ಬರೆದವರಿಗೆ ಬಾಧಕವಾಗಲಿಲ್ಲ. ಮೊಟಕನ್ನು ನಂಬಿದವರ ಆದೇಶವು ತಾನು ಕಿಂಚಿತ್ತೂ ಬದಲಾಗದೆಯೇ ಅಸಿಂಧುವಾಯಿತು.

ನಮ್ಮ ವ್ಯಾಕರಣ ಪರಂಪರೆಯಲ್ಲಿಯೂ ಇಂತಹ ಪ್ರಶ್ನೆ ಎದ್ದುದುಂಟು. ಪಾಣಿನಿಯ ಪ್ರತ್ಯಾಹಾರಗಳಲ್ಲಿ ‘ಣ್’ ಎಂಬ ಗುರುತು ಎರಡು ಕಡೆ ಬರುವುದರಿಂದ, ‘ಅಣ್’ ಎಂದರೆ ಎಲ್ಲಿಯವರೆಗೆ ಎಂಬುದನ್ನು ವ್ಯಾಖ್ಯಾನಕಾರರು ನಿರ್ಣಯಿಸಬೇಕಾಯಿತು. ಯಂತ್ರಕ್ಕೆ ಅಂತಹ ವ್ಯಾಖ್ಯಾನಕಾರರಿಲ್ಲ. ಆದುದರಿಂದಲೇ ಎಲ್‌ಎಲ್‌ವಿಎಂ ಯೋಜನೆಯ ‘ಎಲ್‌ಎಲ್‌ಡಿ’ ಲಿಂಕರು ಅನುಸರಿಸುವ ಮಾರ್ಗ ನಮಗೆ ಹೆಚ್ಚು ಕ್ಷೇಮವೆಂದು ತೋರುತ್ತದೆ. ಅಲ್ಲಿ ಒಪ್ಪಿಗೆಯಾದ ಸಂಕ್ಷೇಪಗಳನ್ನು ಒಂದೊಂದಾಗಿ ಪಟ್ಟಿಮಾಡಿದ್ದಾರೆ. ಮನಬಂದಂತೆ ಮೊಟಕುಗೊಳಿಸಿದ ಹೆಸರಿಗೆ ಮಾನ್ಯತೆಯಿಲ್ಲ. ಕ್ಷಣಕಾಲ ಬಾಳುವ ಆದೇಶದಲ್ಲಿ ಸಂಕ್ಷೇಪವು ಶ್ರಮವನ್ನು ಉಳಿಸುತ್ತದೆ. ವರ್ಷಗಟ್ಟಲೆ ಬಾಳಬೇಕಾದ ಬರಹದಲ್ಲಿ ಪೂರ್ಣನಾಮವೇ ಲೇಸು.