ರುಮಟಾಯ್ಡ್ ಸಂಧಿವಾತ: ರಕ್ತ ಪರೀಕ್ಷೆಯ ಉರಿಯೂತ ಸೂಚಕಗಳು ಹಾಗೂ ಚಿಕಿತ್ಸೆ

(ರಾಯಚೂರು ನಗರ, ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳ ಸಾರ್ವಜನಿಕರ ಅವಗಾಹನೆಗಾಗಿ)

ಕೀಲುನೋವಿನ ಚಿಕಿತ್ಸೆಗಾಗಿ ಆಸ್ಪತ್ರೆಗೆ ಬರುವ ರೋಗಿಯ ಕೈಯಲ್ಲಿ ಸಾಮಾನ್ಯವಾಗಿ ಒಂದು ರಕ್ತ ಪರೀಕ್ಷೆಯ ವರದಿ ಇರುತ್ತದೆ. ಅದರಲ್ಲಿ ಇ.ಎಸ್.ಆರ್. ಅಥವಾ ಸಿ.ಆರ್.ಪಿ. ಎಂಬುದರ ಎದುರು ದಪ್ಪ ಅಕ್ಷರದಲ್ಲಿ ಮುದ್ರಿತವಾದ ಸಂಖ್ಯೆಯನ್ನು ಕಂಡು ತಮಗೆ ಸಂಧಿವಾತ ಇದೆಯೆಂದು ಕೆಲವರು ನಿರ್ಧರಿಸುತ್ತಾರೆ. ಸಂಖ್ಯೆ ಮಿತಿಯೊಳಗಿದ್ದರೆ ರೋಗವಿಲ್ಲವೆಂದು ಇನ್ನು ಕೆಲವರು ಚಿಕಿತ್ಸೆಯನ್ನೇ ಕೈಬಿಡುತ್ತಾರೆ. ಈ ಎರಡೂ ಸರಿಯಲ್ಲ. ಸದರಿ ಸೂಚಕಗಳು ದೇಹದಲ್ಲಿ ಉರಿಯೂತ ಎಷ್ಟಿದೆ ಎಂಬುದನ್ನು ತಿಳಿಸುತ್ತವೆಯೇ ಹೊರತು ಅದು ಯಾವ ರೋಗದಿಂದ ಬಂದಿದೆ ಎಂಬುದನ್ನು ತಿಳಿಸುವುದಿಲ್ಲ. ಕೀಲುನೋವಿಗೆ ಬೇರೆ ಬೇರೆ ಕಾರಣಗಳಿರುವ ರಾಯಚೂರು ಜಿಲ್ಲೆಯಲ್ಲಿ ಈ ವ್ಯತ್ಯಾಸವನ್ನು ಅರಿತಿರುವುದು ಅವಶ್ಯಕ.

ರೋಗದ ಸ್ವರೂಪ

ದೇಹವನ್ನು ರಕ್ಷಿಸಬೇಕಾದ ರೋಗನಿರೋಧಕ ವ್ಯವಸ್ಥೆಯು ತನ್ನದೇ ಕೀಲುಗಳ ಒಳಪೊರೆಯ ಮೇಲೆ ಎರಗುವುದರಿಂದ ಉಂಟಾಗುವ ದೀರ್ಘಕಾಲೀನ ರೋಗಕ್ಕೆ ರುಮಟಾಯ್ಡ್ ಸಂಧಿವಾತ ಎನ್ನುತ್ತಾರೆ. ಇದು ಪುರುಷರಿಗಿಂತ ಮಹಿಳೆಯರಲ್ಲಿ ಎರಡರಿಂದ ಮೂರು ಪಟ್ಟು ಹೆಚ್ಚು. ಸಾಮಾನ್ಯವಾಗಿ ಎರಡೂ ಕೈಗಳ ಬೆರಳುಗಳ ಬುಡದ ಹಾಗೂ ನಡುವಿನ ಗೆಣ್ಣು, ಮಣಿಕಟ್ಟು ಮತ್ತು ಪಾದದ ಸಣ್ಣ ಕೀಲುಗಳು ಮೊದಲು ಊದಿಕೊಳ್ಳುತ್ತವೆ. ಬೆಳಿಗ್ಗೆ ಎದ್ದ ನಂತರ ಅರ್ಧ ಗಂಟೆಯಿಂದ ಒಂದು ಗಂಟೆಗೂ ಮೀರಿ ಕೀಲುಗಳಲ್ಲಿ ಬಿಗಿತವಿರುತ್ತದೆ. ನಸುಕಿನಲ್ಲಿ ಜೋಳದ ರೊಟ್ಟಿ ಬಡಿಯಲು ಕೈ ಮಡಚದೆ, ಹೊತ್ತೇರಿದ ಮೇಲೆ ಕೈ ಸಡಿಲಾಗುತ್ತದೆಂದು ಹೇಳುವ ಮಹಿಳೆಯನ್ನು ತಡಮಾಡದೆ ವೈದ್ಯರ ಬಳಿಗೆ ಕರೆದೊಯ್ಯತಕ್ಕದ್ದು. ಇದಕ್ಕೆ ವ್ಯತಿರಿಕ್ತವಾಗಿ, ವಯಸ್ಸಾದಂತೆ ಬರುವ ಸವೆತದ ಮಂಡಿನೋವು ವಿಶ್ರಾಂತಿಯಿಂದ ಕಡಿಮೆಯಾಗಿ, ದಿನವಿಡೀ ನಡೆದಾಡಿದ ಮೇಲೆ ಸಂಜೆಗೆ ಹೆಚ್ಚುತ್ತದೆ.

ಚಿಕಿತ್ಸೆಯಿಲ್ಲದೆ ಬಿಟ್ಟಲ್ಲಿ ಕೀಲಿನ ಮೂಳೆಯ ಸವೆತವು ಮೊದಲ ಎರಡು ವರ್ಷಗಳೊಳಗೇ ಆರಂಭವಾಗುವುದುಂಟು. ಹೀಗೆ ಹೋದ ಮೂಳೆ ಯಾವ ಔಷಧದಿಂದಲೂ ಮರಳಿ ಬಾರದು. ಮಾನ್ವಿಯ ಕಾಲುವೆ ಪ್ರದೇಶದಲ್ಲಿ ಭತ್ತದ ನಾಟಿಗೆ, ದೇವದುರ್ಗದಲ್ಲಿ ಹತ್ತಿ ಬಿಡಿಸುವ ಕೂಲಿಗೆ ಹೋಗುವ ಕುಟುಂಬಗಳಿಗೆ ಬೆರಳುಗಳ ಹಿಡಿತವೇ ದಿನದ ಆದಾಯವಾದುದರಿಂದ, ಈ ಎರಡು ವರ್ಷಗಳ ಅವಧಿಯನ್ನು ಕಳೆದುಕೊಳ್ಳಬಾರದು.

ಇ.ಎಸ್.ಆರ್. ಮತ್ತು ಸಿ.ಆರ್.ಪಿ.

ಹೆಪ್ಪುಗಟ್ಟದಂತೆ ಮಾಡಿದ ರಕ್ತವನ್ನು ನೇರ ನಿಲ್ಲಿಸಿದ ಸಣ್ಣ ಕೊಳವೆಯಲ್ಲಿಟ್ಟು, ಒಂದು ಗಂಟೆಯಲ್ಲಿ ಕೆಂಪು ರಕ್ತಕಣಗಳು ಎಷ್ಟು ಮಿಲಿಮೀಟರ್ ಕೆಳಗಿಳಿದವೆಂದು ಅಳೆಯುವುದೇ ಇ.ಎಸ್.ಆರ್. ಪರೀಕ್ಷೆ. ಇಂದಿಗೂ ಬಳಕೆಯಲ್ಲಿರುವ ವಿಧಾನಕ್ಕೆ 1921ರಲ್ಲಿ ಅದನ್ನು ರೂಪಿಸಿದ ಸ್ವೀಡನ್ ದೇಶದ ವೈದ್ಯ ವೆಸ್ಟರ್‌ಗ್ರೆನ್ ಅವರ ಹೆಸರಿದೆ. ಉರಿಯೂತವಿದ್ದಾಗ ರಕ್ತದಲ್ಲಿ ಫೈಬ್ರಿನೋಜೆನ್ ಎಂಬ ಪ್ರೋಟೀನು ಹೆಚ್ಚಿ, ಕಣಗಳು ನಾಣ್ಯಗಳ ಸಾಲಿನಂತೆ ಒಂದಕ್ಕೊಂದು ಅಂಟಿ ಬೇಗನೆ ಇಳಿಯುತ್ತವೆ. ಆದರೆ ರಕ್ತಹೀನತೆ, ಗರ್ಭಾವಸ್ಥೆ, ಕ್ಷಯ ಮೊದಲಾದ ಸೋಂಕು, ಮೂತ್ರಪಿಂಡದ ಕಾಯಿಲೆ ಹಾಗೂ ಕೇವಲ ವಯಸ್ಸಿನಿಂದಲೂ ಇ.ಎಸ್.ಆರ್. ಏರುತ್ತದೆ. ಸ್ಥೂಲ ಲೆಕ್ಕಾಚಾರದಲ್ಲಿ ಪುರುಷರಿಗೆ ವಯಸ್ಸಿನ ಅರ್ಧವೂ, ಮಹಿಳೆಯರಿಗೆ ವಯಸ್ಸಿಗೆ 10 ಕೂಡಿಸಿ ಅದರ ಅರ್ಧವೂ ಮೇಲ್ಮಿತಿಯಾಗಿರುತ್ತದೆ. ಅಂದರೆ 50 ವರ್ಷದ ಮಹಿಳೆಗೆ 30 ಸಹಜವೇ ಆಗಿರಬಹುದು. ವರದಿಯ ಪಕ್ಕದಲ್ಲಿ ಮುದ್ರಿತವಾದ 20ರ ಮಿತಿಯನ್ನು ಕಂಡು ಗಾಬರಿಪಡುವ ಕಾರಣವಿಲ್ಲ.

ರಾಯಚೂರಿನ ಬೇಸಿಗೆಯ ವಿಷಯವನ್ನೂ ಇಲ್ಲಿ ಹೇಳಬೇಕಾಗುತ್ತದೆ. ಬಿಸಿಯಾದ ಕೋಣೆಯಲ್ಲಿ ಕಣಗಳು ಬೇಗ ಇಳಿದು ಸಂಖ್ಯೆ ಹೆಚ್ಚಾಗಿ ಬರುತ್ತದೆ. ಮಾದರಿಯನ್ನು ಒಂದು ಊರಿನಲ್ಲಿ ತೆಗೆದು ಇನ್ನೊಂದು ಊರಿಗೆ ಕಳುಹಿಸುವಾಗ ಹಲವು ಗಂಟೆ ತಡವಾದರೆ ಸಂಖ್ಯೆ ಕಡಿಮೆಯಾಗಿ ಬರುತ್ತದೆ. ಆದ್ದರಿಂದ ಸಾಧ್ಯವಾದ ಮಟ್ಟಿಗೆ ಪ್ರತಿ ಬಾರಿಯೂ ಒಂದೇ ಪ್ರಯೋಗಾಲಯದಲ್ಲಿ, ಅಲ್ಲಿಯೇ ರಕ್ತ ನೀಡಿ ಪರೀಕ್ಷಿಸಿಕೊಳ್ಳುವುದು ಉತ್ತಮ.

ಸಿ.ಆರ್.ಪಿ. ಎಂಬುದು ಯಕೃತ್ತು ತಯಾರಿಸುವ ಪ್ರೋಟೀನು. ಇದನ್ನು 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಮೊದಲು ಗುರುತಿಸಲಾಯಿತು. ಉರಿಯೂತ ಆರಂಭವಾದ ಕೆಲವೇ ಗಂಟೆಗಳಲ್ಲಿ ಏರಿ, ಕಾರಣ ನಿಂತೊಡನೆ ಕೆಲವೇ ದಿನಗಳಲ್ಲಿ ಇಳಿಯುವುದು ಇದರ ಗುಣ. ಇ.ಎಸ್.ಆರ್. ಇಳಿಯಲು ವಾರಗಳೇ ಬೇಕಾಗುತ್ತವೆ. ಹಾಗಾಗಿ ಇವೆರಡೂ ಒಂದಕ್ಕೊಂದು ಹೊಂದದಿರುವುದು ಪ್ರಯೋಗಾಲಯದ ದೋಷವೇ ಆಗಬೇಕೆಂದಿಲ್ಲ. ಜ್ವರ, ಗಂಟಲು ಸೋಂಕು, ಹಲ್ಲಿನ ಕೀವು ಇರುವ ವಾರದಲ್ಲಿ ಪರೀಕ್ಷೆ ಮಾಡಿಸಿದಲ್ಲಿ ಸಿ.ಆರ್.ಪಿ. ಏರಿರುತ್ತದೆ, ಆ ಸಂಗತಿಯನ್ನು ವೈದ್ಯರಿಗೆ ತಿಳಿಸತಕ್ಕದ್ದು.

ವರದಿ ಓದುವಾಗ ಸಂಖ್ಯೆಗಿಂತ ಮೊದಲು ಅದರ ಮಾನವನ್ನು ನೋಡಬೇಕು. ಕೆಲವು ಪ್ರಯೋಗಾಲಯಗಳು ಸಿ.ಆರ್.ಪಿ.ಯನ್ನು ಲೀಟರಿಗೆ ಮಿಲಿಗ್ರಾಂ ಎಂದೂ, ಕೆಲವು ಡೆಸಿಲೀಟರಿಗೆ ಮಿಲಿಗ್ರಾಂ ಎಂದೂ ಬರೆಯುತ್ತವೆ. ಎರಡಕ್ಕೂ ಹತ್ತು ಪಟ್ಟು ವ್ಯತ್ಯಾಸವಿದೆ. ಕಳೆದ ತಿಂಗಳು 12, ಈ ತಿಂಗಳು 1.2 ಎಂದಿದ್ದರೆ ರೋಗ ಇಳಿದಿದೆ ಎಂದು ಸಂತೋಷಪಡುವ ಮುನ್ನ ಮಾನ ಬದಲಾಗಿದೆಯೇ ಎಂದು ಪರಿಶೀಲಿಸತಕ್ಕದ್ದು. ಖಾತೆಯಲ್ಲಿ ಸಾವಿರ ಮತ್ತು ಲಕ್ಷದ ಅಂಕಣ ಅದಲುಬದಲಾದರೆ ಆಗುವ ಅನಾಹುತಕ್ಕಿಂತ ಇದು ಚಿಕ್ಕದಲ್ಲ. ಸಣ್ಣ ಪ್ರಯೋಗಾಲಯಗಳಲ್ಲಿ ಗಾಜಿನ ಪಟ್ಟಿಯ ಮೇಲೆ ಮಾಡಿ ಕೇವಲ ‘ಪಾಸಿಟಿವ್’ ಅಥವಾ ‘ನೆಗೆಟಿವ್’ ಎಂದು ನೀಡುವ ಸಿ.ಆರ್.ಪಿ. ವರದಿಯಿಂದ ಚಿಕಿತ್ಸೆಯ ಪ್ರಗತಿಯನ್ನು ಅಳೆಯಲಾಗದು.

ಆರ್.ಎ. ಫ್ಯಾಕ್ಟರ್ ಮತ್ತು ಆಂಟಿ ಸಿ.ಸಿ.ಪಿ.

ರೋಗದ ಹೆಸರನ್ನು ನಿರ್ಧರಿಸಲು ನೆರವಾಗುವ ಪರೀಕ್ಷೆಗಳು ಬೇರೆ. ಆರ್.ಎ. ಫ್ಯಾಕ್ಟರ್ ಈ ರೋಗವಿರುವ ನೂರರಲ್ಲಿ ಸುಮಾರು 70ರಿಂದ 80 ಜನರಲ್ಲಿ ಪಾಸಿಟಿವ್ ಇರುತ್ತದೆ. ಆದರೆ ಆರೋಗ್ಯವಂತ ವೃದ್ಧರಲ್ಲಿಯೂ, ಕ್ಷಯ, ಕುಷ್ಠ, ಹೆಪಟೈಟಿಸ್-ಸಿ ಇರುವವರಲ್ಲಿಯೂ ಕಾಣಬಹುದು. ಆಂಟಿ ಸಿ.ಸಿ.ಪಿ. ಹೆಚ್ಚು ಖಚಿತ, ರೋಗಲಕ್ಷಣಗಳಿಗೆ ವರ್ಷಗಳ ಮೊದಲೇ ಇದು ರಕ್ತದಲ್ಲಿ ಕಾಣಿಸಿಕೊಳ್ಳುವುದುಂಟು. ಎರಡೂ ನೆಗೆಟಿವ್ ಇದ್ದೂ ರೋಗವಿರುವವರೂ ಇದ್ದಾರೆ. ‘ಸಂಧಿವಾತದ ಪ್ಯಾಕೇಜು’ ಎಂಬ ಹೆಸರಿನಲ್ಲಿ ಸೇರಿಸಲಾಗುವ ಎ.ಎಸ್.ಒ. ಪರೀಕ್ಷೆಯು ಸ್ಟ್ರೆಪ್ಟೊಕಾಕಸ್ ಸೋಂಕಿಗೆ ಹಾಗೂ ಅದರಿಂದ ಬರುವ ರುಮಾಟಿಕ್ ಜ್ವರಕ್ಕೆ ಸಂಬಂಧಿಸಿದ್ದು, ರುಮಟಾಯ್ಡ್ ಸಂಧಿವಾತಕ್ಕಲ್ಲ.

ಅಮೆರಿಕ ಮತ್ತು ಯೂರೋಪಿನ ತಜ್ಞ ಸಂಘಗಳು 2010ರಲ್ಲಿ ಜಂಟಿಯಾಗಿ ಪ್ರಕಟಿಸಿದ ಮಾನದಂಡದಲ್ಲಿ ಒಟ್ಟು 10 ಅಂಕಗಳಿದ್ದು, 6 ಅಥವಾ ಹೆಚ್ಚು ಬಂದಲ್ಲಿ ರುಮಟಾಯ್ಡ್ ಸಂಧಿವಾತವೆಂದು ವರ್ಗೀಕರಿಸಲಾಗುತ್ತದೆ. ಅದರಲ್ಲಿ ಬಾಧಿತ ಕೀಲುಗಳಿಗೆ 5, ಆರ್.ಎ. ಫ್ಯಾಕ್ಟರ್ ಮತ್ತು ಆಂಟಿ ಸಿ.ಸಿ.ಪಿ.ಗೆ 3, ಆರು ವಾರಗಳ ಅವಧಿಗೆ 1 ಅಂಕ ಮೀಸಲಿದೆ. ಇ.ಎಸ್.ಆರ್. ಮತ್ತು ಸಿ.ಆರ್.ಪಿ. ಎರಡಕ್ಕೂ ಸೇರಿ ದೊರೆಯುವುದು ಕೇವಲ 1 ಅಂಕ. ಅರ್ಧದಷ್ಟು ಅಂಕಗಳು ವೈದ್ಯರು ಕೈಯಿಂದ ಮುಟ್ಟಿ ನೋಡುವ ಕೀಲುಗಳಿಗೇ ಇರುವುದರಿಂದ, ವರದಿಯನ್ನು ಮಾತ್ರ ಮನೆಯವರೊಡನೆ ಕಳುಹಿಸಿ ಔಷಧ ತರಿಸಿಕೊಳ್ಳುವುದು ನಿಷ್ಪ್ರಯೋಜಕ. ರೋಗಿಯು ಖುದ್ದಾಗಿ ಹಾಜರಾಗಬೇಕು.

ಜಿಲ್ಲೆಯಲ್ಲಿ ಕಂಡುಬರುವ ಇತರೆ ಕಾರಣಗಳು

ರಾಯಚೂರು ಜಿಲ್ಲೆಯ ಹಲವೆಡೆ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿ ಮೀರಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ; ಬೇರೆ ಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಅನುಮತಿಸಲಾಗಿದೆ. ಇದಕ್ಕೂ ಹೆಚ್ಚಿನ ಫ್ಲೋರೈಡ್ ಇರುವ ನೀರನ್ನು ವರ್ಷಾನುಗಟ್ಟಲೆ ಕುಡಿದವರಲ್ಲಿ ಮೂಳೆಯ ಫ್ಲೋರೋಸಿಸ್ ಉಂಟಾಗಬಹುದು. ಇದರಲ್ಲಿಯೂ ಕೀಲು ಹಿಡಿಯುತ್ತದೆ, ಬೆನ್ನು ಮತ್ತು ಕುತ್ತಿಗೆ ಬಾಗದಂತಾಗುತ್ತವೆ. ಆದರೆ ಬೆರಳ ಗೆಣ್ಣುಗಳಲ್ಲಿ ಮೆತ್ತನೆಯ ಊತ ಸಾಮಾನ್ಯವಾಗಿ ಇರುವುದಿಲ್ಲ, ಇ.ಎಸ್.ಆರ್. ಹಾಗೂ ಸಿ.ಆರ್.ಪಿ. ಸಹಜವಾಗಿರುತ್ತವೆ. ಬಾಲ್ಯದಿಂದ ಅದೇ ನೀರು ಕುಡಿದವರ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿರುತ್ತವೆ. ಮುಂಗೈಯ ಎಕ್ಸ್-ರೇಯಲ್ಲಿ ಎರಡು ಮೂಳೆಗಳ ನಡುವಿನ ಪೊರೆ ಸುಣ್ಣಗಟ್ಟಿರುವುದು ಕಾಣುತ್ತದೆ. ಇಂತಹವರಿಗೆ ಸಂಧಿವಾತದ ಔಷಧಗಳಿಂದ ಪ್ರಯೋಜನವಿಲ್ಲ, ಕುಡಿಯುವ ನೀರಿನ ಮೂಲವನ್ನೇ ಬದಲಿಸಬೇಕು. ಈ ಕಾರಣದಿಂದ ರೋಗಿಯು ತಾನು ಯಾವ ಊರಿನಲ್ಲಿ, ಎಷ್ಟು ವರ್ಷ, ಯಾವ ನೀರು ಕುಡಿದರೆಂಬುದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು. ಒಬ್ಬರಿಗೇ ಎರಡೂ ರೋಗಗಳಿರುವ ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ.

ಚಿಕೂನ್‌ಗುನ್ಯ ಇನ್ನೊಂದು ಕಾರಣ. ಮೂರು ದಶಕಗಳ ಕಾಲ ದೇಶದಲ್ಲಿ ಹೆಚ್ಚಾಗಿ ಕಾಣದಿದ್ದ ಈ ಜ್ವರವು 2005–06ರಲ್ಲಿ ಮರಳಿ ಬಂದಾಗ ಕರ್ನಾಟಕದ ಅನೇಕ ಜಿಲ್ಲೆಗಳು ಬಾಧಿತವಾದವು. ಜ್ವರ ಬಿಟ್ಟ ನಂತರವೂ ತಿಂಗಳುಗಟ್ಟಲೆ ಉಳಿಯುವ ಕೀಲೂತವು ರುಮಟಾಯ್ಡ್ ಸಂಧಿವಾತವನ್ನೇ ಹೋಲುತ್ತದೆ. ಹಿಂದೆ ಅಂತಹ ಜ್ವರ ಬಂದಿದ್ದಲ್ಲಿ ಅದರ ತಿಂಗಳು, ವರ್ಷವನ್ನು ತಿಳಿಸತಕ್ಕದ್ದು.

ಚಿಕಿತ್ಸೆ

ನೋವು ನಿವಾರಕ ಗುಳಿಗೆಗಳು ನೋವನ್ನು ತಗ್ಗಿಸುತ್ತವೆ, ಮೂಳೆಯ ಸವೆತವನ್ನು ತಡೆಯುವುದಿಲ್ಲ. ರೋಗದ ಗತಿಯನ್ನೇ ತಡೆಯುವ ಔಷಧಗಳಲ್ಲಿ ಮೆಥೊಟ್ರೆಕ್ಸೇಟ್ ಮೊದಲನೆಯದು; ಹೈಡ್ರಾಕ್ಸಿಕ್ಲೋರೋಕ್ವಿನ್ ಮತ್ತು ಸಲ್ಫಾಸಲಜೀನ್‌ಗಳನ್ನು ಒಂಟಿಯಾಗಿ ಅಥವಾ ಜೊತೆಯಾಗಿ ನೀಡಲಾಗುತ್ತದೆ. ಈ ಮೂರೂ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ. ಇವುಗಳ ಗುಣ ಕಾಣಲು 6ರಿಂದ 12 ವಾರಗಳು ಬೇಕಾಗುವುದರಿಂದ, ಹದಿನೈದು ದಿನಗಳಲ್ಲಿ ಫಲ ಕಾಣಲಿಲ್ಲವೆಂದು ನಿಲ್ಲಿಸಬಾರದು.

ಅತಿ ಮುಖ್ಯ ಸೂಚನೆ: ಮೆಥೊಟ್ರೆಕ್ಸೇಟ್ ಗುಳಿಗೆಯನ್ನು ಸಂಧಿವಾತಕ್ಕೆ ವಾರಕ್ಕೆ ಒಂದು ದಿನ ಮಾತ್ರ ಸೇವಿಸಬೇಕು. ಇತರೆ ಗುಳಿಗೆಗಳಂತೆ ಪ್ರತಿದಿನ ಸೇವಿಸಿದವರಲ್ಲಿ ಬಾಯಿ ಹುಣ್ಣಾಗಿ, ರಕ್ತಕಣಗಳು ಕುಸಿದು ಸಾವು ಸಂಭವಿಸಿದ ಪ್ರಕರಣಗಳು ಜಗತ್ತಿನ ನಾನಾ ಕಡೆ ದಾಖಲಾಗಿವೆ. ಮರೆಯದಿರಲು ಊರ ಸಂತೆಯ ದಿನವನ್ನೋ ವಾರದ ಮತ್ತಾವುದಾದರೂ ನಿಶ್ಚಿತ ದಿನವನ್ನೋ ಗೊತ್ತುಪಡಿಸಿಕೊಂಡು, ಆ ದಿನದ ಹೆಸರನ್ನು ಔಷಧ ಚೀಟಿಯ ಮೇಲೆ ಕನ್ನಡದಲ್ಲಿ ಬರೆಸಿಕೊಳ್ಳತಕ್ಕದ್ದು. ಈ ಗುಳಿಗೆಯು 2.5 ಮಿ.ಗ್ರಾಂ. ಮತ್ತು 10 ಮಿ.ಗ್ರಾಂ. ಪ್ರಮಾಣಗಳಲ್ಲಿಯೂ ದೊರೆಯುವುದರಿಂದ ಪ್ರತಿ ಸಲ ಕೊಳ್ಳುವಾಗ ಪಟ್ಟಿಯ ಮೇಲಿನ ಪ್ರಮಾಣವನ್ನು ಹಿಂದಿನದರೊಂದಿಗೆ ತಾಳೆ ನೋಡಬೇಕು. ಜೊತೆಯಲ್ಲಿ ನೀಡುವ ಫೋಲಿಕ್ ಆಮ್ಲದ ಗುಳಿಗೆಯನ್ನು ಬಿಡಬಾರದು. ಬಾಯಿಹುಣ್ಣು, ಜ್ವರ, ಒಣಕೆಮ್ಮು ಅಥವಾ ಉಸಿರಾಟದ ತೊಂದರೆ ಕಂಡಲ್ಲಿ ಗುಳಿಗೆ ನಿಲ್ಲಿಸಿ ಕೂಡಲೇ ವೈದ್ಯರನ್ನು ಕಾಣಬೇಕು. ಗರ್ಭಿಣಿಯರು ಹಾಗೂ ಗರ್ಭಧಾರಣೆಯ ನಿರೀಕ್ಷೆಯಲ್ಲಿರುವವರು ಇದನ್ನು ಸೇವಿಸಕೂಡದು, ಮದ್ಯಪಾನ ವರ್ಜ್ಯ. ನಿಗದಿತ ಅವಧಿಗೊಮ್ಮೆ ರಕ್ತಕಣಗಳ ಎಣಿಕೆ, ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆ ಕಡ್ಡಾಯ. ಹೈಡ್ರಾಕ್ಸಿಕ್ಲೋರೋಕ್ವಿನ್ ದೀರ್ಘಕಾಲ ಸೇವಿಸುವವರು ಕಣ್ಣಿನ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಒಂದೇ ಸೂಜಿಗೆ ನೋವು ಮಾಯವಾಯಿತೆಂದರೆ ಅದರಲ್ಲಿ ಸ್ಟಿರಾಯ್ಡ್ ಇದ್ದಿರುವ ಸಂಭವ ಹೆಚ್ಚು. ತಜ್ಞರು ಸಹ ಆರಂಭದ ವಾರಗಳಲ್ಲಿ ಇದನ್ನು ಕಡಿಮೆ ಪ್ರಮಾಣದಲ್ಲಿ ನೀಡುವುದುಂಟು. ಆದರೆ ಹಣೆಪಟ್ಟಿಯಿಲ್ಲದ ಪುಡಿ, ಗುಳಿಗೆಗಳ ರೂಪದಲ್ಲಿ ವರ್ಷಗಟ್ಟಲೆ ಸೇವಿಸಿದಲ್ಲಿ ಮಧುಮೇಹ, ಮೂಳೆ ಟೊಳ್ಳಾಗುವಿಕೆ, ಸೋಂಕು ಉಂಟಾಗುತ್ತವೆ. ಸ್ಟಿರಾಯ್ಡ್ ಸೇವನೆಯಿಂದ ಇ.ಎಸ್.ಆರ್. ಹಾಗೂ ಸಿ.ಆರ್.ಪಿ. ಸಹ ಇಳಿಯುವುದರಿಂದ ವರದಿ ಮಾತ್ರ ಚೆನ್ನಾಗಿ ಕಾಣುತ್ತದೆ. ಈಗಾಗಲೇ ಸೇವಿಸುತ್ತಿರುವವರು ಒಮ್ಮೆಲೇ ನಿಲ್ಲಿಸುವುದೂ ಅಪಾಯಕರ. ಉಳಿದ ಪುಡಿಯನ್ನು ವೈದ್ಯರಿಗೆ ತೋರಿಸಿ ಅವರ ಸಲಹೆಯಂತೆ ಹಂತಹಂತವಾಗಿ ಬಿಡಬೇಕು.

ಮೇಲ್ಕಂಡ ಔಷಧಗಳಿಂದ ಹತೋಟಿಗೆ ಬಾರದಿದ್ದಲ್ಲಿ ಜೈವಿಕ ಔಷಧಗಳನ್ನು ನೀಡಲಾಗುತ್ತದೆ. ಇವು ದುಬಾರಿ, ಆರಂಭಿಸುವ ಮುನ್ನ ಅಡಗಿರುವ ಕ್ಷಯರೋಗದ ತಪಾಸಣೆ ಅಗತ್ಯ.

ಸೇವೆಗಳನ್ನು ಕೋರುವವರಿಗೆ

ಮೊದಲಿಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ದೇವದುರ್ಗ, ಮಾನ್ವಿಯ ತಾಲ್ಲೂಕು ಆಸ್ಪತ್ರೆಯನ್ನು ಸಂಪರ್ಕಿಸಬೇಕು. ಅಗತ್ಯವಿದ್ದಲ್ಲಿ ಅಲ್ಲಿಂದ ಉನ್ನತ ಆಸ್ಪತ್ರೆಗೆ ಶಿಫಾರಸು ಪಡೆಯಬಹುದು. ರಾಯಚೂರು ನಗರದಲ್ಲಿ 2007ರಲ್ಲಿ ಆರಂಭವಾದ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆ ಇದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯು 2018ರಲ್ಲಿ ಜಾರಿಗೆ ಬಂದಿದ್ದು, ಬಿ.ಪಿ.ಎಲ್. ಕುಟುಂಬಕ್ಕೆ ವಾರ್ಷಿಕ 5 ಲಕ್ಷ ರೂಪಾಯಿಗಳವರೆಗೆ ಸೌಲಭ್ಯವಿದೆ. ಇದು ಪ್ರಧಾನವಾಗಿ ಒಳರೋಗಿ ಚಿಕಿತ್ಸೆಗೆ ಸಂಬಂಧಿಸಿದ್ದು, ಅಂಗಡಿಯಲ್ಲಿ ಕೊಳ್ಳುವ ಮಾಸಿಕ ಗುಳಿಗೆಗಳ ವೆಚ್ಚಕ್ಕೆ ಅನ್ವಯಿಸುವುದಿಲ್ಲ. ಅಂತಹ ಗುಳಿಗೆಗಳನ್ನು ಜನೌಷಧಿ ಕೇಂದ್ರಗಳಲ್ಲಿ ಮೊದಲು ವಿಚಾರಿಸುವುದು ಲಾಭಕರ.

ಕೀಲುಗಳು ಶಾಶ್ವತವಾಗಿ ವಿಕಲವಾದವರು 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮದನ್ವಯ ಚಲನವೈಕಲ್ಯದ ಪ್ರಮಾಣಪತ್ರ ಹಾಗೂ ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಬಹುದು. ವೈಕಲ್ಯವು ಶೇಕಡಾ 40 ಅಥವಾ ಹೆಚ್ಚಿರುವವರು ಆದಾಯ ಮಿತಿಗೊಳಪಟ್ಟು ಮಾಸಾಶನಕ್ಕೆ ನಾಡಕಚೇರಿಯಲ್ಲಿ ಅರ್ಜಿ ನೀಡಬಹುದು. ವೈಕಲ್ಯದ ಪ್ರಮಾಣವನ್ನು ಕೀಲಿನ ಚಲನೆ, ಸ್ನಾಯುಬಲ ಹಾಗೂ ಕೈಯ ಹಿಡಿತದಿಂದ ನಿರ್ಧರಿಸಲಾಗುತ್ತದೆ. ಇ.ಎಸ್.ಆರ್. 90 ಇದೆಯೆಂಬ ವರದಿಯೊಂದನ್ನೇ ಲಗತ್ತಿಸಿದಲ್ಲಿ ಅದನ್ನು ಆಧರಿಸಿ ಪ್ರಮಾಣಪತ್ರ ನೀಡಲು ಬರುವುದಿಲ್ಲ. ಎಕ್ಸ್-ರೇ, ಚಿಕಿತ್ಸಾ ಚೀಟಿಗಳು ಮತ್ತು ಎಲ್ಲ ರಕ್ತ ವರದಿಗಳನ್ನು ದಿನಾಂಕವಾರು ಜೋಡಿಸಿ, ಒಂದು ಜೊತೆ ನಕಲು ಪ್ರತಿಯೊಂದಿಗೆ ಹಾಜರಾಗುವುದು. ಮೂಲ ಪ್ರತಿಗಳನ್ನು ಪರಿಶೀಲನೆಯ ನಂತರ ಮರಳಿ ಪಡೆದು ತಮ್ಮಲ್ಲಿಯೇ ಇಟ್ಟುಕೊಳ್ಳತಕ್ಕದ್ದು. ಮುಂದಿನ ಚಿಕಿತ್ಸೆಗೆ ಅವು ಬೇಕಾಗುತ್ತವೆ.