ಸರ್ವರ್‌ಗಳಲ್ಲಿ ಜಾಲ ಕಾರ್ಯಕ್ಷಮತೆಯ ದತ್ತಾಂಶ ಸಂಗ್ರಹಣೆ: ಸಂರಚನೆ ಮತ್ತು ಮೇಲ್ವಿಚಾರಣೆ

ಸರ್ವರ್ ನಿಧಾನವಾಗಿದೆ ಎಂಬ ದೂರು ಬಂದಾಗ ದೋಷವು ಜಾಲ ಸಂಪರ್ಕದಲ್ಲಿದೆಯೇ ಅಥವಾ ಯಂತ್ರದಲ್ಲಿಯೇ ಇದೆಯೇ ಎಂಬುದನ್ನು ನಿರ್ಧರಿಸಲು ಹಿಂದಿನ ದಿನಗಳ ಅಂಕಿಅಂಶಗಳು ಅವಶ್ಯಕ. ದೂರು ಬಂದ ನಂತರ ಅವುಗಳನ್ನು ಸಂಗ್ರಹಿಸಲಾಗದು. ಈ ಕಾರ್ಯಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ಎಸ್‌ಎನ್‌ಎಂಪಿ ಎಂಬ ಜಾಲ ನಿರ್ವಹಣಾ ನಿಯಮಾವಳಿಯು 1988ರಲ್ಲಿ ಮೊದಲು ಪ್ರಕಟವಾಯಿತು.

ಕಾರ್ಯವಿಧಾನ

ಸರ್ವರ್‌ನಲ್ಲಿ ಏಜೆಂಟ್ ಎಂಬ ಚಿಕ್ಕ ತಂತ್ರಾಂಶವು ಸದಾ ಚಾಲನೆಯಲ್ಲಿರುತ್ತದೆ. ಮೇಲ್ವಿಚಾರಣಾ ಗಣಕಯಂತ್ರವು ನಿಗದಿತ ಅವಧಿಗೊಮ್ಮೆ ಯುಡಿಪಿ 161ನೇ ಪೋರ್ಟ್ ಮೂಲಕ ಅದನ್ನು ಪ್ರಶ್ನಿಸುತ್ತದೆ. ಏಜೆಂಟ್ ವೇಗವನ್ನು ತಿಳಿಸುವುದಿಲ್ಲ. ಈವರೆಗೆ ಒಟ್ಟು ಎಷ್ಟು ಬೈಟ್‌ಗಳು ಬಂದಿವೆ, ಹೋಗಿವೆ ಎಂಬ ಕೌಂಟರ್ ಅನ್ನು ಮಾತ್ರ ನೀಡುತ್ತದೆ. ಎರಡು ಓದುವಿಕೆಗಳ ವ್ಯತ್ಯಾಸವನ್ನು ನಡುವಿನ ಸೆಕೆಂಡುಗಳಿಂದ ಭಾಗಿಸಿ ವೇಗವನ್ನು ಪಡೆಯಲಾಗುತ್ತದೆ. ಟೋಬಿಯಾಸ್ ಓಟಿಕರ್ ರೂಪಿಸಿದ ಎಂಆರ್‌ಟಿಜಿ ತಂತ್ರಾಂಶವು ಈ ಲೆಕ್ಕವನ್ನು ಸಾಮಾನ್ಯವಾಗಿ 5 ನಿಮಿಷಕ್ಕೊಮ್ಮೆ ಮಾಡಿ ರೇಖಾಚಿತ್ರವನ್ನು ರಚಿಸುತ್ತದೆ.

ಕೌಂಟರ್‌ನ ಮಿತಿ

ಬಹುತೇಕ ತಪ್ಪು ಅಂಕಿಅಂಶಗಳ ಮೂಲ ಇಲ್ಲಿದೆ. ಹಳೆಯ 32 ಬಿಟ್ ಕೌಂಟರ್ 4,29,49,67,295 ತಲುಪಿದೊಡನೆ ವಾಹನದ ಮೀಟರಿನಂತೆ ಸೊನ್ನೆಗೆ ಮರಳುತ್ತದೆ. ಪೂರ್ಣ ವೇಗದಲ್ಲಿರುವ 10 ಮೆಗಾಬಿಟ್ ಸಂಪರ್ಕದಲ್ಲಿ ಇದಕ್ಕೆ ಸುಮಾರು 57 ನಿಮಿಷ ಬೇಕು. 100 ಮೆಗಾಬಿಟ್‌ನಲ್ಲಿ 6 ನಿಮಿಷಕ್ಕಿಂತ ಕಡಿಮೆ. ಗಿಗಾಬಿಟ್‌ನಲ್ಲಿ ಕೇವಲ 34 ಸೆಕೆಂಡು. ಒಂದು ಬಾರಿ ಮರಳಿದರೆ ತಂತ್ರಾಂಶವು ಸರಿಪಡಿಸಿಕೊಳ್ಳಬಲ್ಲದು. ಆದರೆ 5 ನಿಮಿಷದಲ್ಲಿ ಎಂಟು ಬಾರಿ ಸುತ್ತಿದರೆ ಅದು ತಿಳಿಯುವ ದಾರಿಯೇ ಇಲ್ಲ. ತುಂಬಿ ಹರಿಯುತ್ತಿರುವ ಸಂಪರ್ಕವು ಚಿತ್ರದಲ್ಲಿ ಬಿಡುವಾಗಿರುವಂತೆ ಕಾಣುತ್ತದೆ, ಹೆಚ್ಚಿನ ಸಾಮರ್ಥ್ಯದ ಬೇಡಿಕೆಯು ಅದೇ ಚಿತ್ರದ ಆಧಾರದ ಮೇಲೆ ತಿರಸ್ಕೃತವಾಗಬಹುದು. ಆದುದರಿಂದ ಎಸ್‌ಎನ್‌ಎಂಪಿ 2ಸಿ ಅಥವಾ 3ನೇ ಆವೃತ್ತಿಯಲ್ಲಿ ಲಭ್ಯವಿರುವ 64 ಬಿಟ್ ಕೌಂಟರ್‌ಗಳನ್ನೇ ಆಯ್ಕೆ ಮಾಡತಕ್ಕದ್ದು. 1ನೇ ಆವೃತ್ತಿಯಲ್ಲಿ ಈ ಸೌಲಭ್ಯವಿಲ್ಲ.

ಸರ್ವರ್ ಪುನರಾರಂಭವಾದಾಗಲೂ ಕೌಂಟರ್ ಸೊನ್ನೆಯಾಗುತ್ತದೆ. ಇದನ್ನು ಸುತ್ತುವಿಕೆಯೆಂದು ಭಾವಿಸಿದರೆ ಚಿತ್ರದಲ್ಲಿ ಇಲ್ಲದ ಶಿಖರವೊಂದು ಮೂಡುತ್ತದೆ. ಸಂಪರ್ಕದ ಗರಿಷ್ಠ ವೇಗವನ್ನು ಸಂರಚನೆಯಲ್ಲಿ ಸರಿಯಾಗಿ ನಮೂದಿಸಿದಲ್ಲಿ ಇಂತಹ ಅಸಂಭವ ಮೌಲ್ಯಗಳು ತಿರಸ್ಕೃತವಾಗುತ್ತವೆ.

ಭದ್ರತೆ

1 ಮತ್ತು 2ಸಿ ಆವೃತ್ತಿಗಳಲ್ಲಿ ಗುಪ್ತಪದದಂತೆ ಬಳಸುವ ಕಮ್ಯುನಿಟಿ ಪದವು ಜಾಲದಲ್ಲಿ ಬಯಲಾಗಿಯೇ ಸಾಗುತ್ತದೆ. ಅನೇಕ ಸಾಧನಗಳಲ್ಲಿ ಅದು 'ಪಬ್ಲಿಕ್' ಎಂದೇ ಇರುತ್ತದೆ, ಬದಲಾಯಿಸುವುದು ಕಡ್ಡಾಯ. ಓದುವ ಅನುಮತಿಯನ್ನಷ್ಟೇ ನೀಡಿ, ಮೇಲ್ವಿಚಾರಣಾ ಯಂತ್ರದ ವಿಳಾಸಕ್ಕೆ ಮಾತ್ರ ಉತ್ತರಿಸುವಂತೆ ಏಜೆಂಟ್ ಅನ್ನು ನಿರ್ಬಂಧಿಸಬೇಕು. ಗೂಢಲಿಪೀಕರಣವುಳ್ಳ 3ನೇ ಆವೃತ್ತಿ ಉತ್ತಮ.

ದತ್ತಾಂಶದ ಓದುವಿಕೆ

ಎಂಆರ್‌ಟಿಜಿ ದಿನದ ಚಿತ್ರಕ್ಕೆ 5 ನಿಮಿಷದ, ವಾರಕ್ಕೆ 30 ನಿಮಿಷದ, ತಿಂಗಳಿಗೆ 2 ಗಂಟೆಯ, ವರ್ಷಕ್ಕೆ ಒಂದು ದಿನದ ಸರಾಸರಿಯನ್ನು ಬಳಸುತ್ತದೆ. ಬೆಳಿಗ್ಗೆ ಹತ್ತೂವರೆಯ ದಟ್ಟಣೆಯು ವಾರ್ಷಿಕ ಚಿತ್ರದಲ್ಲಿ ಕರಗಿಹೋಗಿರುತ್ತದೆ. ಸಂಪರ್ಕವನ್ನು ಖರೀದಿಸುವುದು ಬಿಟ್‌ಗಳಲ್ಲಿ. ಎಂಆರ್‌ಟಿಜಿ ಬೇರೆ ಸೂಚನೆಯಿಲ್ಲದಿದ್ದಲ್ಲಿ ತೋರಿಸುವುದು ಬೈಟ್‌ಗಳಲ್ಲಿ. ಎಂಟರಿಂದ ಗುಣಿಸದೆ ಹೋಲಿಸುವುದು ಸಾಮಾನ್ಯ ತಪ್ಪು.

ಸಂರಚನೆಯ ನಂತರ, ಬೇರೆ ಬಳಕೆಯಿಲ್ಲದ ವೇಳೆಯಲ್ಲಿ ಗೊತ್ತಿರುವ ಗಾತ್ರದ ಕಡತವೊಂದನ್ನು ಜಾಲದ ಮೂಲಕ ವರ್ಗಾಯಿಸಿ ಕೌಂಟರ್ ಎಷ್ಟು ಹೆಚ್ಚಿತೆಂದು ಪರೀಕ್ಷಿಸಬಹುದಾಗಿದೆ. ಪ್ಯಾಕೆಟ್‌ಗಳ ಶಿರೋಭಾಗಗಳಿಂದಾಗಿ ಶೇಕಡಾ 5ರಷ್ಟು ಹೆಚ್ಚಳ ಸಹಜ. ಕಡತದ ಗಾತ್ರಕ್ಕಿಂತ ಕಡಿಮೆ ಬಂದಲ್ಲಿ ಬೇರೆ ಜಾಲ ಕಾರ್ಡ್‌ನ ಕೌಂಟರ್ ಅನ್ನು ಓದಲಾಗುತ್ತಿದೆಯೇ ಎಂದು ಮೊದಲು ನೋಡತಕ್ಕದ್ದು.