ಹೂಡಿಕೆ ಬ್ಯಾಂಕಿನಲ್ಲಿ ವಿದ್ಯಾರ್ಥಿಯ ಕಾರ್ಯಾನುಭವ

ವಾಣಿಜ್ಯ, ಅರ್ಥಶಾಸ್ತ್ರ, ಗಣಿತ ಮೊದಲಾದ ಶಾಸ್ತ್ರಗಳನ್ನು ವ್ಯಾಸಂಗ ಮಾಡುವ ವಿದ್ಯಾರ್ಥಿಯು, ಪದವಿ ಪಡೆಯುವುದಕ್ಕೆ ಮುನ್ನವೇ, ಕೆಲವು ದಿನ ಅಥವಾ ವಾರಗಳ ಕಾಲ ಹೂಡಿಕೆ ಬ್ಯಾಂಕೊಂದರಲ್ಲಿದ್ದು ಅಲ್ಲಿಯ ಕಾರ್ಯವಿಧಾನವನ್ನು ಪ್ರತ್ಯಕ್ಷವಾಗಿ ಅರಿಯುವ ವ್ಯವಸ್ಥೆ. ಬೇಸಗೆಯ ರಜೆಯ ಇಂಟರ್ನ್‌ಶಿಪ್ ಇದರ ವಿಸ್ತೃತ ರೂಪ.

ಜನರ ಠೇವಣಿಯನ್ನು ಸ್ವೀಕರಿಸಿ ಸಾಲ ನೀಡುವುದು ಸಾಮಾನ್ಯ ಬ್ಯಾಂಕಿನ ಕಾರ್ಯವಾದರೆ, ಕಂಪನಿಗಳು ಷೇರು ಹಾಗೂ ಸಾಲಪತ್ರಗಳ ಮೂಲಕ ಬಂಡವಾಳವನ್ನು ಸಂಗ್ರಹಿಸುವುದಕ್ಕೂ ಪರಸ್ಪರ ವಿಲೀನಗೊಳ್ಳುವುದಕ್ಕೂ ನೆರವಾಗುವುದು ಹೂಡಿಕೆ ಬ್ಯಾಂಕಿನ ಮುಖ್ಯ ವೃತ್ತಿ. ಭಾರತದಲ್ಲಿ ಸಾರ್ವಜನಿಕ ಷೇರು ನೀಡಿಕೆಯನ್ನು ನಿರ್ವಹಿಸುವ ಸಂಸ್ಥೆಗಳು, 1992ರ ನಿಯಮಾವಳಿಯನ್ವಯ, ಮರ್ಚೆಂಟ್ ಬ್ಯಾಂಕರ್ ಎಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯಲ್ಲಿ ನೋಂದಣಿ ಪಡೆಯತಕ್ಕದ್ದು.

ಕಲಿಕೆಯ ಸ್ವರೂಪ: ಅಢಾವೆ ಪತ್ರಿಕೆಯನ್ನೂ ಲಾಭ-ನಷ್ಟ ಖಾತೆಯನ್ನೂ ಓದುವುದು, ಎಕ್ಸೆಲ್ಲಿನಲ್ಲಿ ಕಂಪನಿಯ ಮೌಲ್ಯವನ್ನು ಅಂದಾಜಿಸುವುದು, ಒಂದೇ ಉದ್ಯಮದ ಸಂಸ್ಥೆಗಳನ್ನು ತುಲನೆ ಮಾಡುವುದು. ಪ್ರಕಟವಾಗದ ಮಾಹಿತಿಯನ್ನಾಧರಿಸಿ ಷೇರು ವ್ಯವಹಾರ ನಡೆಸುವುದನ್ನು ಸೆಬಿಯ 2015ರ ನಿಯಮಗಳು ನಿಷೇಧಿಸಿರುವುದರಿಂದ, ಗೋಪ್ಯಪಾಲನೆಯೇ ಇಲ್ಲಿಯ ಪ್ರಥಮ ಪಾಠ.

ಕರ್ನಾಟಕದಲ್ಲಿ: ಹೂಡಿಕೆ ಬ್ಯಾಂಕಾದ ಗೋಲ್ಡ್‌ಮನ್ ಸ್ಯಾಕ್ಸ್ 2004ರಲ್ಲಿ ಬೆಂಗಳೂರಿನಲ್ಲಿ ಕಚೇರಿ ತೆರೆಯಿತು; ಜೆ.ಪಿ. ಮಾರ್ಗನ್, ಮಾರ್ಗನ್ ಸ್ಟ್ಯಾನ್ಲಿಗಳ ಕಚೇರಿಗಳೂ ಅಲ್ಲುಂಟು. ಮಲಪ್ರಭೆಯ ತೀರದ ಹೊಳೆಮಣ್ಣೂರಿನಂತಹ, ಗದಗ ಜಿಲ್ಲೆಯ ರೋಣ ಸೀಮೆಯ ಗ್ರಾಮಗಳ ವಿದ್ಯಾರ್ಥಿಗಳಿಗೆ ಈ ನಗರವು ದೂರವಾದರೂ, ಬಂಡವಾಳವನ್ನು ಕೂಡಿಸುವ ವಿದ್ಯೆ ಆ ನಾಡಿಗೆ ನೂತನವಲ್ಲ: ಅದೇ ಜಿಲ್ಲೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿಯೇ ಕೃಷಿಕರ ಸಹಕಾರಿ ಪತ್ತಿನ ಸಂಘವನ್ನು ಸ್ಥಾಪಿಸಿದರು. ನಗರದ ದೂರವು ಅಡ್ಡಿಯಾಗದಂತೆ, ಇಂತಹ ಕಾರ್ಯಾನುಭವದ ಅವಕಾಶವು ಪರಿಚಯಬಲದಿಂದಲ್ಲದೆ ಯೋಗ್ಯತೆಯಿಂದ ದೊರೆಯುವಂತಾಗುವುದು, ಗ್ರಾಮೀಣ ವಿದ್ಯಾರ್ಥಿಗೆ ವಸತಿ ಮತ್ತು ಭತ್ಯೆಗಳು ಲಭಿಸುವುದು ಅತ್ಯಾವಶ್ಯಕ.